ಲೋಡ್ ಲಾರಿಗೆ ಹೊಸ ಟೈರ್: ಮೊದಲು ತೂಕ, ಆಮೇಲೆ ಅಂಗಡಿ

ಟೈರ್ ಅಂಗಡಿಯ ಬಾಗಿಲಿಗೆ ಹೋಗುವ ಮೊದಲು ಲಾರಿಯನ್ನು ವೇಬ್ರಿಡ್ಜ್ ಹತ್ತಿಸಿ. ಮಾಮೂಲಿ ಸರಕು ಹೇರಿ, ಡೀಸೆಲ್ ತುಂಬಿಸಿ, ಡ್ರೈವರ್ ಸೀಟಿನಲ್ಲಿ ಕೂತಿರುವಾಗಲೇ ತೂಗಿಸಬೇಕು. ಒಟ್ಟು ತೂಕವೊಂದೇ ಸಾಲದು. ಎಡ-ಬಲ ಚಕ್ರಗಳನ್ನು ಜೋಡಿಸುವ ಅಡ್ಡ ದಂಡವೇ ಆಕ್ಸಲ್. ಮುಂದಿನ ಆಕ್ಸಲ್‌ ಮೇಲೆ ಎಷ್ಟು, ಹಿಂದಿನದರ ಮೇಲೆ ಎಷ್ಟು ಎಂದು ಬೇರೆ ಬೇರೆಯಾಗಿ ಬರೆದುಕೊಳ್ಳಿ. ಸರಕು ಮುಂದಕ್ಕೆ ಜರುಗಿದ್ದರೆ, ಒಟ್ಟು ತೂಕ ಸರಿಯಿದ್ದರೂ ಮುಂದಿನ ಎರಡು ಟೈರ್‌ಗಳು ತಮ್ಮ ಶಕ್ತಿ ಮೀರಿ ಹೊರುತ್ತಿರುತ್ತವೆ. ಆಕ್ಸಲ್‌ನ ಮಿತಿಯೇ ಮೀರಿದ್ದರೆ ಗಟ್ಟಿ ಟೈರ್ ಹಾಕಿ ಪ್ರಯೋಜನವಿಲ್ಲ. ಸ್ಪ್ರಿಂಗ್, ಬ್ರೇಕ್ ಹಳೆಯವೇ ತಾನೇ? ಅಲ್ಲಿ ಸರಕು ಇಳಿಸುವುದೊಂದೇ ದಾರಿ.

ಈಗ ಟೈರಿನ ಬದಿ ಓದಿ. 295/80 ಆರ್ 22.5, ಅದರ ಪಕ್ಕದಲ್ಲಿ 152/148 ಎಂ ಎಂದಿದೆ ಅಂದುಕೊಳ್ಳಿ. ಅಳತೆ ಎಲ್ಲರೂ ನೋಡುತ್ತಾರೆ. ಪಕ್ಕದ 152/148 ಎಂ ಅನ್ನು ಬಿಟ್ಟುಬಿಡುತ್ತಾರೆ. ಭಾರದ ಲೆಕ್ಕ ಇರುವುದು ಅಲ್ಲೇ. 152 ಅಂದರೆ ಒಂಟಿಯಾಗಿ ಹಾಕಿದಾಗ ಒಂದು ಟೈರ್ ಹೊರಬಲ್ಲ ಭಾರ 3,550 ಕಿಲೋ. 148 ಅಂದರೆ ಹಿಂದಿನ ಆಕ್ಸಲ್ಲಿನಂತೆ ಒಂದೇ ಬದಿಗೆ ಎರಡೆರಡು, ಜೋಡಿಯಲ್ಲಿ ಹಾಕಿದಾಗ ಒಂದೊಂದಕ್ಕೆ 3,150 ಕಿಲೋ. ಜೋಡಿಯಲ್ಲಿ ಎರಡೂ ಟೈರ್ ಸಮಪಾಲು ಹೊರುವುದಿಲ್ಲ, ನಡುವೆ ಬಿಸಿಯೂ ಹೆಚ್ಚು, ಅದಕ್ಕೇ ಈ ಕಡಿತ. ಎಂ ಅಂದರೆ ಗಂಟೆಗೆ 130 ಕಿ.ಮೀ. ವೇಗದ ಮಿತಿ.

ಲೆಕ್ಕ ಹಾಕೋಣ. ಮುಂದಿನ ಆಕ್ಸಲ್ ತೂಕ 6,800 ಕಿಲೋ ಬಂತು. 152ರ ಎರಡು ಟೈರ್ 7,100 ಕಿಲೋ ಹೊರುತ್ತವೆ, ಸಾಕು. ಒಂಟಿ ಅಂಕ 148 ಇರುವ ಟೈರ್ ಹಾಕಿದರೆ 6,300 ಮಾತ್ರ. ಐನೂರು ಕಿಲೋ ಕೊರತೆ. ಅಂಗಡಿಯಲ್ಲಿ ಪಕ್ಕಪಕ್ಕ ನಿಲ್ಲಿಸಿದರೆ ಎರಡೂ ಒಂದೇ ಥರ ಕಾಣಬಹುದು, ಕಣ್ಣಂದಾಜನ್ನು ನಂಬಬೇಡಿ. ಎಡ-ಬಲದ ಭಾರವೂ ಸಮವಾಗಿರುವುದು ಅಪರೂಪ, ಆದ್ದರಿಂದ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚೇ ಇರಲಿ.

ಈ ಕಿಲೋಗಳೆಲ್ಲ ಟೈರ್ ತಯಾರಕರು ಹೇಳಿದ ಗಾಳಿ ಒತ್ತಡಕ್ಕೆ ಮಾತ್ರ ಅನ್ವಯ. ಗಾಳಿ ಕಡಿಮೆಯಾದರೆ ಬದಿ ಮತ್ತೆ ಮತ್ತೆ ಮಡಚಿ ಒಳಗೆ ಬಿಸಿ ಏರುತ್ತದೆ, ಪದರಗಳು ಬಿಡುತ್ತವೆ. ಟೈರ್ ತಣ್ಣಗಿರುವಾಗಲೇ ಅಳೆಯಿರಿ. ಓಡಿ ಬಂದ ಬಿಸಿ ಟೈರಿನ ಗಾಳಿ ಬಿಡಬೇಡಿ. ರಿಮ್‌ಗೂ ಅದರದೇ ಭಾರದ, ಒತ್ತಡದ ಮಿತಿ ಇದೆ, ಅದನ್ನೂ ನೋಡಿ.

ಹಿಂದಿನ ಜೋಡಿಗೆ ಬಂದಾಗ ಟಾರ್ಚ್ ತೆಗೆದುಕೊಳ್ಳಿ. ಮೋಸ ನಡೆಯುವುದು ಒಳಗಿನ ಟೈರಿನಲ್ಲಿ. ಹೊರಗಿನದು ಹೊಸದು, ಒಳಗಿನದು ಸವೆದದ್ದು ಎಂದಾದರೆ ದೊಡ್ಡ ಟೈರ್ ಹೆಚ್ಚಿನ ಭಾರ ಹೊತ್ತು ಬಿಸಿಯಾಗುತ್ತದೆ, ಚಿಕ್ಕದು ನೆಲಕ್ಕೆ ಉಜ್ಜಿಕೊಂಡು ಹೋಗುತ್ತದೆ. ಎರಡರ ವ್ಯಾಸದಲ್ಲಿ ಸುಮಾರು 6 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬೇಡ. ಒಂದೇ ಆಕ್ಸಲ್‌ನಲ್ಲಿ ರೇಡಿಯಲ್ (ಒಳಗೆ ಉಕ್ಕಿನ ತಂತಿ ಪದರ ಇರುವ) ಮತ್ತು ನೈಲಾನ್ (ಅಡ್ಡಡ್ಡ ಹೆಣೆದ ನೈಲಾನ್ ದಾರದ ಪದರ ಇರುವ) ಟೈರ್ ಬೆರೆಸಲೇಬಾರದು.

ಟೈರಿನ ಬದಿಯಲ್ಲಿ DOT ಅಕ್ಷರಗಳಿಂದ ಶುರುವಾಗುವ ಡಾಟ್ ಗುರುತಿನ ಕೊನೆಯ ನಾಲ್ಕು ಅಂಕಿ ಟೈರ್ ಹುಟ್ಟಿದ ವಾರ, ವರ್ಷ ಹೇಳುತ್ತದೆ: 3524 ಅಂದರೆ 2024ರ 35ನೇ ವಾರ. ಓಡದೆ ಗೋಡೌನ್‌ನಲ್ಲಿ ಬಿದ್ದಿದ್ದರೂ ರಬ್ಬರ್ ಮುದಿಯಾಗುತ್ತದೆ. ರೀಸೋಲ್ (ಸವೆದ ಟೈರಿಗೆ ಹೊಸ ರಬ್ಬರ್ ಪದರ ಕೂರಿಸಿದ) ಟೈರ್‌ಗಳನ್ನು ಹಿಂದೆ ಹಾಕಬಹುದು. ಸ್ಟೀರಿಂಗ್ ಆಕ್ಸಲ್‌ಗೆ ಮಾತ್ರ ಹೊಸದೇ ಇರಲಿ. ಅಲ್ಲಿ ಸಿಡಿದರೆ ಗಾಡಿ ಕೈಗೆ ಸಿಗುವುದಿಲ್ಲ.

ಗಾಳಿ ತುಂಬಿಸುವಾಗ ಟೈರನ್ನು ಉಕ್ಕಿನ ಪಂಜರದೊಳಗೆ ಇಡಲು ಕೇಳಿ. ಗಾಳಿ ಇಲ್ಲದೆ ಓಡಿಸಿದ ಹಳೆ ಟೈರಿನ ಬದಿಯ ತಂತಿಗಳು ಒಳಗೇ ತುಂಡಾಗಿರಬಹುದು, ಒತ್ತಡ ಏರಿದಂತೆ ಝಿಪ್ ಬಿಚ್ಚಿದ ಹಾಗೆ ಸೀಳಿ ಎದುರು ನಿಂತವನ ಪ್ರಾಣ ತೆಗೆಯುತ್ತದೆ. ಕೂಡಿಸಿದ ಮೇಲೆ ಮೊದಲ 100 ಕಿ.ಮೀ. ಆಸುಪಾಸಿನಲ್ಲಿ ನಿಲ್ಲಿಸಿ, ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಿಂದ ಎಲ್ಲ ಚಕ್ರದ ನಟ್‌ಗಳನ್ನೂ ಮತ್ತೊಮ್ಮೆ ಪರೀಕ್ಷಿಸಿ.