ಟ್ರೆಕ್ಕಿಂಗ್‌ಗೆ ಒಣ ಸೀಗಡಿ: ಹಗುರ, ಒಲೆಯೂ ಬೇಡ

ನಮ್ಮ ಕಾಡುಗಳಲ್ಲಿ ಬೆಂಕಿ ಹಚ್ಚುವಂತಿಲ್ಲ. ಹಾಗಾಗಿ ಕುಮಾರ ಪರ್ವತದಂಥ ಕಡೆ ಹೋಗುವವರಿಗೆ ಚಪಾತಿ ಜೊತೆ ನಂಜಿಕೊಳ್ಳಲು ಸೀಗಡಿ ಚಟ್ನಿಪುಡಿಯೇ ವಾಸಿ. ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನಲ್ಲಿ ಒಣಮೀನು ಸಿಗುತ್ತೆ. ಉಪ್ಪು ಹಾಕದ ಸಣ್ಣ ಸೀಗಡಿ ಕೇಳಿ. ಮೆತ್ತಗಿದ್ದರೆ, ಘಾಟು ಹೊಡೆದರೆ ಬೇಡ. ಉಪ್ಪುಮೀನನ್ನು ನೆನೆಸಿ ಎರಡು ನೀರು ಚೆಲ್ಲಬೇಕು, ಬೆಟ್ಟದಲ್ಲಿ ಅಷ್ಟು ನೀರೆಲ್ಲಿ? ಬಂಗುಡೆ, ಬೂತಾಯಿಯಲ್ಲಿ ಎಣ್ಣೆ ಜಾಸ್ತಿ, ಬೇಗ ಕಮಟುತ್ತೆ.

100 ಗ್ರಾಂ ಸೀಗಡಿಯ ತಲೆ, ಕಾಲು ಮುರಿದು, ಜರಡಿಯಲ್ಲಿ ಚೆನ್ನಾಗಿ ಅಲ್ಲಾಡಿಸಿ. ಮರಳು ಉಳಿದರೆ ಹಲ್ಲಿಗೆ ಸಿಗುತ್ತೆ. ಸಣ್ಣ ಉರಿಯಲ್ಲಿ ಎಣ್ಣೆಯಿಲ್ಲದೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ತನಕ ಹುರಿಯಿರಿ. ಉರಿ ಜೋರಾದರೆ ಹೊರಗೆ ಸೀದು ಕಹಿ, ಒಳಗೆ ಪಸೆ. 8 ಬ್ಯಾಡಗಿ ಮೆಣಸು, 3 ಚಮಚ ಹುರಿಗಡಲೆ, ಜೀರಿಗೆ ಬೆಚ್ಚಗೆ ಮಾಡಿ, ಎಲ್ಲ ಪೂರ್ತಿ ಆರಿದ ಮೇಲೆ ಉಪ್ಪು, 1 ಚಮಚ ಆಮ್‌ಚೂರ್ (ಒಣ ಮಾವಿನಕಾಯಿ ಪುಡಿ) ಸೇರಿಸಿ ತರಿತರಿಯಾಗಿ ರುಬ್ಬಿ. ಬಿಸಿಯಲ್ಲೇ ರುಬ್ಬಿದರೆ ಗಂಟು ಕಟ್ಟುತ್ತೆ. ಹುಣಸೆಹಣ್ಣು, ಹಸಿ ಬೆಳ್ಳುಳ್ಳಿ ತೇವ ತರುತ್ತವೆ. ಕೊಬ್ಬರಿ ಬೇಗ ಕೆಡುತ್ತೆ, ಮೂರೂ ಬಿಡಿ. ಒಬ್ಬರಿಗೆ ಒಂದು ಊಟಕ್ಕೆ 15-20 ಗ್ರಾಂ ಸಾಕು. ಒಂದೊಂದು ಹೊತ್ತಿಗೂ ಬೇರೆ ಜಿಪ್ ಕವರ್ ಮಾಡಿ. ಒಂದಕ್ಕೆ ನೀರು ಹೋದರೂ ಉಳಿದದ್ದು ಬಚಾವ್.

ಒಲೆಗೆ ಅನುಮತಿಯಿರುವ ಕ್ಯಾಂಪ್ ಆದರೆ ಮನೆಯಲ್ಲೇ ತಾಜಾ ಸೀಗಡಿ ಬೇಯಿಸಿ, ಬಟಾಣಿ ಗಾತ್ರಕ್ಕೆ ಹೆಚ್ಚಿ, ಡಿಹೈಡ್ರೇಟರಿನಲ್ಲಿ (ಆಹಾರ ಒಣಗಿಸುವ ಯಂತ್ರ) 70 ಡಿಗ್ರಿ ಸೆಲ್ಸಿಯಸ್‌ನಲ್ಲಿ 6-8 ಗಂಟೆ ಒಣಗಿಸಿ ಒಯ್ದು, ಅಲ್ಲಿ ನೀರಲ್ಲಿ ಕುದಿಸಿಕೊಳ್ಳಬಹುದು. ಇಡಿಯಾಗಿ ಒಣಗಿಸಿದರೆ ಆಮೇಲೆ ಎಷ್ಟು ಕುದಿಸಿದರೂ ರಬ್ಬರ್. ಬೆಂಗಳೂರಿನ ಮೋಡದ ಬಿಸಿಲು ನಂಬಿ ಟೆರೇಸಿನಲ್ಲಿ ಹರಡಬೇಡಿ, ಒಣಗುವ ಮೊದಲೇ ಹಳಸುತ್ತೆ, ಕಾಗೆ ಕಾಟ ಬೇರೆ.