ಮನೆಯಲ್ಲೇ ಲಗ್ನಪತ್ರಿಕೆ: ಯಾವ ಮುದ್ರಣ ವಿಧಾನ ಆರಿಸಬೇಕು?

ಲಗ್ನಪತ್ರಿಕೆಯನ್ನು ಮನೆಯಲ್ಲೇ ತಯಾರಿಸಲು ಹೊರಟವರು ಸಾಮಾನ್ಯವಾಗಿ ವಿನ್ಯಾಸದಿಂದ ಕೆಲಸ ಆರಂಭಿಸುತ್ತಾರೆ. ಮೇಲೆ ಗಣಪತಿ, ಅಂಚಿಗೆ ಬಾಳೆಕಂದು, ಮೆರೂನ್ ಹಾಳೆಯ ಮೇಲೆ ಬಂಗಾರದ ಅಕ್ಷರ ಎಂದು ಎಲ್ಲವೂ ಕಂಪ್ಯೂಟರಿನ ಪರದೆಯ ಮೇಲೆ ಸಿದ್ಧವಾದ ಬಳಿಕವೇ, ಮನೆಯ ಪ್ರಿಂಟರಿನೊಳಗೆ ಅಷ್ಟು ದಪ್ಪದ ಹಾಳೆ ಹೋಗುವುದಿಲ್ಲವೆಂದೂ ಬಂಗಾರದ ಬಣ್ಣ ಸಾಸಿವೆಯ ಹಾಗೆ ಮಂಕಾಗಿ ಬರುತ್ತದೆಂದೂ ತಿಳಿಯುತ್ತದೆ. ಎಷ್ಟು ಪ್ರತಿ ಬೇಕು, ಎಂಥ ಕಾಗದ ಬೇಕು ಎಂಬುದನ್ನು ಮೊದಲು ತೀರ್ಮಾನಿಸಿ, ಅದಕ್ಕೆ ಒಗ್ಗುವ ಮುದ್ರಣ ವಿಧಾನವನ್ನು ಆರಿಸಿ, ವಿನ್ಯಾಸವನ್ನು ಕೊನೆಗೆ ಇಟ್ಟುಕೊಂಡರೆ ಈ ತೊಂದರೆ ಬರುವುದಿಲ್ಲ.

ಪ್ರತಿಗಳ ಲೆಕ್ಕ ಹಾಕುವಾಗ ಅತಿಥಿಗಳನ್ನು ಬಿಟ್ಟು ಮನೆಗಳನ್ನು ಎಣಿಸಬೇಕು. ನಮ್ಮಲ್ಲಿ ಬಹಳಷ್ಟು ಮದುವೆಗಳಲ್ಲಿ ಹೆಣ್ಣಿನ ಕಡೆಯವರು, ಗಂಡಿನ ಕಡೆಯವರು ಬೇರೆ ಬೇರೆ ಪತ್ರಿಕೆ ಹಾಕಿಸುತ್ತಾರೆ. ಕರೆಯುವವರ ಹೆಸರು, ವಧೂವರರ ಹೆಸರುಗಳ ಕ್ರಮ, ಆರತಕ್ಷತೆಯ ದಿನ ಮತ್ತು ಸ್ಥಳ ಎಲ್ಲವೂ ಬದಲಾಗುತ್ತವೆ. ಹಾಗಾಗಿ 300 ಪ್ರತಿಯ ಕೆಲಸವೆಂದು ಅಂದುಕೊಂಡದ್ದು ತಲಾ 150 ಪ್ರತಿಯ ಎರಡು ಕೆಲಸವಾಗಿರುತ್ತದೆ. ಲೋಹದ ಪ್ಲೇಟಿನಿಂದ ದೊಡ್ಡ ಯಂತ್ರದಲ್ಲಿ ಮುದ್ರಿಸುವ ಆಫ್‌ಸೆಟ್‌ನಲ್ಲಿ ಪ್ರತಿಯೊಂದು ಒಕ್ಕಣೆಗೂ ಹೊಸ ಪ್ಲೇಟ್, ಜಾಲರಿಯ ಮೂಲಕ ಶಾಯಿ ಇಳಿಸುವ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಹೊಸ ಸ್ಕ್ರೀನ್ ಬೇಕಾಗುತ್ತದೆ. ಇಂಕ್‌ಜೆಟ್, ಲೇಸರ್ ಪ್ರಿಂಟರುಗಳಲ್ಲಿ ಆ ಹೊರೆ ಇಲ್ಲ. ನೂರರ ಒಳಗಾದರೆ ಮನೆಯ ಪ್ರಿಂಟರ್, ನೂರರಿಂದ ಮುನ್ನೂರರವರೆಗೆ ಸ್ಕ್ರೀನ್ ಅಥವಾ ಪ್ಲೇಟ್ ಇಲ್ಲದೆ ಕಂಪ್ಯೂಟರಿನಿಂದ ನೇರವಾಗಿ ಮುದ್ರಿಸುವ ಡಿಜಿಟಲ್ ಪ್ರೆಸ್, ಐನೂರು ದಾಟಿದರೆ ಆಫ್‌ಸೆಟ್ ಎಂಬುದು ಒಂದು ಅಂದಾಜು.

ಕಾಗದದ ತೂಕ

ಕಾಗದದ ದಪ್ಪವನ್ನು ಅಂಗಡಿಯಲ್ಲಿ ಜಿಎಸ್‌ಎಂ, ಎಂದರೆ ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ, ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಜೆರಾಕ್ಸ್ ಹಾಳೆ 70ರಿಂದ 80 ಜಿಎಸ್‌ಎಂ ಇರುತ್ತದೆ. ಮಡಿಕೆಯಿಲ್ಲದ ಒಂಟಿ ಕಾರ್ಡು ಕೈಯಲ್ಲಿ ಗಟ್ಟಿಯಾಗಿ ನಿಲ್ಲಬೇಕಾದರೆ 250ರಿಂದ 300 ಬೇಕು. ಬಿಡಿ ಹಾಳೆ ಮಾರುವ ಅಂಗಡಿಗಳಲ್ಲಿ ಈ ಅಂಕಿ ಯಾರಿಗೂ ಗೊತ್ತಿಲ್ಲದೆ ಇರುವುದುಂಟು. ಆಗ ಎ4 ಅಳತೆಯ 16 ಹಾಳೆಗಳನ್ನು ತೂಗಿದರೆ ಸಾಕು. ಆ ಅಳತೆಯ ಹದಿನಾರು ಹಾಳೆಗಳು ಸೇರಿ ಒಂದು ಚದರ ಮೀಟರ್ ಆಗುವುದರಿಂದ, ಬಂದ ಗ್ರಾಂ ತೂಕವೇ ಜಿಎಸ್‌ಎಂ ಆಗಿರುತ್ತದೆ. ಈ ಸಂಖ್ಯೆಯನ್ನು ಪ್ರಿಂಟರಿನ ಕೈಪಿಡಿಯಲ್ಲಿ ಕೊಟ್ಟಿರುವ ಗರಿಷ್ಠ ಮಿತಿಯೊಂದಿಗೆ ಹೋಲಿಸಬೇಕು. ಮುಂಭಾಗದ ಟ್ರೇಯಿಂದ ಹಾಳೆಯನ್ನು ಎಳೆದು ಒಳಗೆ ಬಾಗಿಸಿ ತಿರುಗಿಸುವ ಪ್ರಿಂಟರುಗಳಿಗಿಂತ ಹಿಂಬದಿಯಿಂದ ನೇರವಾಗಿ ಇಳಿಸಿಕೊಳ್ಳುವವು ದಪ್ಪ ಹಾಳೆಗೆ ಒಳ್ಳೆಯವು.

ಇಂಕ್‌ಜೆಟ್ಟೋ, ಲೇಸರ್ರೋ?

ಇಂಕ್‌ಜೆಟ್‌ನ ಶಾಯಿಯಲ್ಲಿ ಎರಡು ಬಗೆ. ಡೈ ಶಾಯಿಯಲ್ಲಿ ಬಣ್ಣ ಪೂರ್ತಿ ಕರಗಿರುತ್ತದೆ, ಆದ್ದರಿಂದ ನೀರು ತಾಗಿದರೆ ಹರಡುತ್ತದೆ. ಪಿಗ್ಮೆಂಟ್ ಶಾಯಿಯಲ್ಲಿ ಬಣ್ಣದ ಸೂಕ್ಷ್ಮ ಕಣಗಳು ಕಾಗದದ ಮೇಲ್ಭಾಗದಲ್ಲೇ ಕುಳಿತು ನೀರನ್ನು ಹೆಚ್ಚು ತಡೆಯುತ್ತವೆ. ಕೆಲವು ಪ್ರಿಂಟರುಗಳಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್, ಉಳಿದ ಬಣ್ಣಗಳು ಡೈ. ಲಗ್ನಪತ್ರಿಕೆಯ ಮೂಲೆಗಳಿಗೆ ಅರಿಸಿನ ಕುಂಕುಮ ಹಚ್ಚುವ ಮನೆಗಳಲ್ಲಿ ಇದು ಮುಖ್ಯವಾದ ಸಂಗತಿ. ಒಂದು ಹಾಳೆಯನ್ನು ಮುದ್ರಿಸಿ, ಒಂದು ರಾತ್ರಿ ಒಣಗಲು ಬಿಟ್ಟು, ನೀರಿನಲ್ಲಿ ಕಲಸಿದ ಅರಿಸಿನವನ್ನು ಅಕ್ಷರಗಳ ಮೇಲೆಯೇ ಹಚ್ಚಿ ನೋಡಬೇಕು. ಅಕ್ಷರದ ಅಂಚು ಕದಡಿದರೆ ಆ ಶಾಯಿ ನಿಮ್ಮ ಕೆಲಸಕ್ಕೆ ಬಾರದು. ಹೊಳಪಿನ ಆರ್ಟ್ ಪೇಪರನ್ನು ಕೂಡ ಇಂಕ್‌ಜೆಟ್‌ಗೆ ಕೊಡಬಾರದು. ಆಫ್‌ಸೆಟ್‌ಗಾಗಿ ತಯಾರಾದ ಆ ಕಾಗದ ಶಾಯಿಯನ್ನು ಹೀರುವುದಿಲ್ಲ, ಶಾಯಿ ಮುಟ್ಟಿದ ಬೆರಳಿಗೆಲ್ಲ ಮೆತ್ತುತ್ತದೆ.

ಲೇಸರ್ ಪ್ರಿಂಟರಿನ ಟೋನರ್ ಎಂಬುದು ಪ್ಲಾಸ್ಟಿಕ್ಕಿನ ನುಣುಪಾದ ಪುಡಿ. ಬಿಸಿ ರೋಲರ್ ಅದನ್ನು ಕರಗಿಸಿ ಕಾಗದಕ್ಕೆ ಅಂಟಿಸುತ್ತದೆ. ಅರಿಸಿನದ ಪರೀಕ್ಷೆಯಲ್ಲಿ ಅದು ಸುಲಭವಾಗಿ ಗೆಲ್ಲುತ್ತದೆ, ಸಣ್ಣ ಅಕ್ಷರವೂ ಚೂಪಾಗಿ ಬರುತ್ತದೆ. ಆದರೆ ಉಬ್ಬುತಗ್ಗಿನ ಟೆಕ್ಸ್ಚರ್ ಪೇಪರಿನಲ್ಲೂ ನಾರು ಎದ್ದ ಕೈಕಾಗದದಲ್ಲೂ ತಗ್ಗುಗಳಿಗೆ ಬಿಸಿ ಸರಿಯಾಗಿ ತಲುಪದೆ ಅಕ್ಷರ ಚುಕ್ಕಿ ಚುಕ್ಕಿಯಾಗಿ ಉದುರುತ್ತದೆ. ಮಡಿಕೆ ಬೀಳುವ ಜಾಗದಲ್ಲಿ ಗಾಢ ಬಣ್ಣ ತುಂಬಿದ್ದರೆ ಅಲ್ಲಿ ಟೋನರ್ ಬಿರುಕು ಬಿಟ್ಟು ಬಿಳಿ ಗೆರೆ ಕಾಣುತ್ತದೆ. ವಿನ್ಯಾಸದಲ್ಲಿ ಆ ಪಟ್ಟಿಯನ್ನು ಖಾಲಿ ಬಿಡುವುದೇ ಸರಿ.

ಬಂಗಾರದ ಬಣ್ಣದ ವಿಚಾರವನ್ನು ಇಲ್ಲೇ ಹೇಳಿಬಿಡಬೇಕು. ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಬಣ್ಣಗಳನ್ನು ಹೇಗೆ ಬೆರೆಸಿದರೂ ಲೋಹದ ಹೊಳಪು ಹುಟ್ಟುವುದಿಲ್ಲ. ಮನೆಯ ಸಾಮಾನ್ಯ ಪ್ರಿಂಟರಿನಲ್ಲಿ ಬಿಳಿ ಶಾಯಿ ಇರುವುದಿಲ್ಲವಾದ್ದರಿಂದ ಮೆರೂನ್ ಹಾಳೆಯ ಮೇಲೆ ತಿಳಿ ಬಣ್ಣದ ಅಕ್ಷರವೂ ಮೂಡುವುದಿಲ್ಲ. ಹೊಳಪು ಬೇಕೇ ಬೇಕೆಂದರೆ, ಟೋನರಿಗೆ ಅಂಟಿಕೊಳ್ಳುವ ಫಾಯಿಲ್ ಸಿಗುತ್ತದೆ. ಲೇಸರಿನಲ್ಲಿ ಮುದ್ರಿಸಿದ ಅಕ್ಷರದ ಮೇಲೆ ಅದನ್ನಿಟ್ಟು ಲ್ಯಾಮಿನೇಷನ್ ಯಂತ್ರದಲ್ಲಿ ಹಾಯಿಸಿದರೆ ಟೋನರ್ ಇದ್ದಲ್ಲೆಲ್ಲ ಬಂಗಾರ ಕೂರುತ್ತದೆ. ಇಡೀ ಒಕ್ಕಣೆಗೆ ಹೀಗೆ ಮಾಡಿದರೆ ದೀಪದ ಬೆಳಕಿನಲ್ಲಿ ಓದುವುದೇ ಕಷ್ಟವಾದೀತು. ‘ಶ್ರೀ’ಕಾರಕ್ಕೂ ವಧೂವರರ ಹೆಸರಿಗೂ ಮಾತ್ರ ಸಾಕು.

ಸ್ಕ್ರೀನ್ ಪ್ರಿಂಟಿಂಗ್

ಮನೆಯಲ್ಲಿ ಮಾಡಬಹುದಾದ ವಿಧಾನಗಳಲ್ಲಿ ನನ್ನ ಒಲವು ಇದರ ಕಡೆಗೆ. ಶ್ರಮ ಹೆಚ್ಚು, ಕೈ ಮಸಿಯಾಗುತ್ತದೆ, ಆದರೆ ಕೈಕಾಗದ, ಬಟ್ಟೆ, ಗಾಢ ಬಣ್ಣದ ರಟ್ಟು ಯಾವುದರ ಮೇಲೂ ದಟ್ಟವಾದ ಶಾಯಿ ಕೂರುತ್ತದೆ. ಮರದ ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆಗೆ ಮಂದ ಹಳದಿ ಬೆಳಕಿನಲ್ಲಿ ಬೆಳಕುಗ್ರಾಹಿ ಎಮಲ್ಷನ್ ಬಳಿದು ಒಣಗಿಸಿ, ಪಾರದರ್ಶಕ ಹಾಳೆಯ ಮೇಲೆ ಕಪ್ಪಾಗಿ ಮುದ್ರಿಸಿದ ಒಕ್ಕಣೆಯನ್ನು ಅದರ ಮೇಲಿಟ್ಟು, ಗಾಜಿನಿಂದ ಒತ್ತಿ ಬೆಳಕಿಗೆ ಒಡ್ಡಬೇಕು. ಬೆಳಕು ಬಿದ್ದ ಭಾಗ ಗಟ್ಟಿಯಾಗುತ್ತದೆ. ಕಪ್ಪಿನ ಮರೆಯಲ್ಲಿದ್ದ ಅಕ್ಷರದ ಭಾಗ ನೀರಿನಲ್ಲಿ ತೊಳೆದುಹೋಗಿ, ಶಾಯಿ ಇಳಿಯಲು ದಾರಿಯಾಗುತ್ತದೆ. ಶಾಯಿಯನ್ನು ಸ್ಕ್ವೀಜಿಯಿಂದ, ಎಂದರೆ ರಬ್ಬರ್ ಅಂಚಿನ ಹಿಡಿಯಿಂದ, ಒಮ್ಮೆ ಎಳೆದರೆ ಒಂದು ಪ್ರತಿ. ಬಟ್ಟೆ ಕೆಲಸದ ಒರಟು ಜಾಲರಿಯಲ್ಲಿ ಸಣ್ಣ ಅಕ್ಷರ ನಿಲ್ಲದು. ಪತ್ರಿಕೆಗೆ ಸೆಂಟಿಮೀಟರಿಗೆ 90ರಿಂದ 120 ಎಳೆಗಳಿರುವ ನುಣುಪು ಜಾಲರಿಯನ್ನೇ ಕೇಳಿ ಪಡೆಯಬೇಕು. ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್ ಬೇಕಾಗುವುದರಿಂದ ಒಂದು, ಹೆಚ್ಚೆಂದರೆ ಎರಡು ಬಣ್ಣಕ್ಕೆ ನಿಲ್ಲಿಸುವುದು ಜಾಣತನ. ಥಿನ್ನರ್ ಬೆರೆಸುವ ಶಾಯಿ ಬಳಸುವವರು ಕಿಟಕಿ ತೆರೆದಿಟ್ಟು, ಒಲೆ ಮತ್ತು ದೀಪದಿಂದ ದೂರ ಕುಳಿತು ಕೆಲಸ ಮಾಡಬೇಕು.

ಎರಡು ಕಡೆಯ ಪತ್ರಿಕೆಗೂ ಸಮಾನವಾಗಿರುವ ಅಂಚು ಮತ್ತು ಗಣಪತಿಯ ಚಿತ್ರವನ್ನು ಒಂದೇ ಸ್ಕ್ರೀನಿನಲ್ಲಿ ಮುದ್ರಿಸಿ, ಬದಲಾಗುವ ಒಕ್ಕಣೆಯನ್ನು ಲೇಸರಿಗೆ ಬಿಡುವುದು ಒಳ್ಳೆಯ ಹೊಂದಾಣಿಕೆ. ಹೀಗೆ ಮಾಡುವಾಗ ಲೇಸರ್ ಕೆಲಸವನ್ನು ಮೊದಲು ಮುಗಿಸಬೇಕು. ಸ್ಕ್ರೀನ್ ಶಾಯಿ ಇರುವ ಹಾಳೆಯನ್ನು ಬಿಸಿ ರೋಲರಿನಡಿ ಕಳುಹಿಸಿದರೆ ಶಾಯಿ ಮೆತ್ತಗಾಗಿ ಯಂತ್ರಕ್ಕೆ ಅಂಟಬಹುದು.

ಆಫ್‌ಸೆಟ್ ಮನೆಯಲ್ಲಿ ಆಗುವ ಕೆಲಸವಲ್ಲ. ಮುದ್ರಣವನ್ನಷ್ಟೇ ಹೊರಗೆ ಕೊಟ್ಟು, ಕತ್ತರಿಸುವುದು, ಮಡಿಸುವುದು, ದಾರ ಕಟ್ಟುವುದನ್ನು ಮನೆಯಲ್ಲಿ ಮಾಡಿಕೊಳ್ಳುವವರಿಗೆ ಡಿಜಿಟಲ್ ಪ್ರೆಸ್ ಹೆಚ್ಚು ಅನುಕೂಲ. ಅಲ್ಲಿ 13×19 ಇಂಚಿನ ಹಾಳೆ ಸಾಮಾನ್ಯ. ಒಂದು ಹಾಳೆಯಲ್ಲಿ ಎ5 ಅಳತೆಯ ನಾಲ್ಕು ಕಾರ್ಡು ಹಿಡಿಯುತ್ತವೆ, ಹಣವನ್ನು ಹಾಳೆಯ ಲೆಕ್ಕದಲ್ಲಿ ತೆಗೆದುಕೊಳ್ಳುತ್ತಾರೆ.

ಕನ್ನಡ ಅಕ್ಷರದ ಜಾಗ್ರತೆ

ಯಾವ ವಿಧಾನವನ್ನೇ ಆರಿಸಿದರೂ ಕನ್ನಡದ ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಜಾಗ ಬೇಕು. ‘ಜ್ಯೇಷ್ಠ’ ಎಂಬ ಒಂದು ಪದವನ್ನೇ ಬರೆದು, ಅದರ ಒತ್ತು ಕೆಳಗಿನ ಸಾಲಿನ ದೀರ್ಘ, ಗುಡಿಸುಗಳಿಗೆ ತಗಲುವುದೇ ಎಂದು ನೋಡಬಹುದು. ದ, ಧ, ಥ ಅಕ್ಷರಗಳನ್ನು ಬೇರ್ಪಡಿಸುವುದು ಒಂದು ಸಣ್ಣ ಗೀಟು, ಒಂದು ಚುಕ್ಕೆ. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಶಾಯಿ ತುಸು ಹರಡಿದರೂ ಅವು ಮುಚ್ಚಿಹೋಗುವುದರಿಂದ 12 ಪಾಯಿಂಟಿಗಿಂತ ಸಣ್ಣ ಅಕ್ಷರ ಬೇಡ. ಪ್ರೆಸ್‌ಗೆ ಕೊಡುವ ಕಡತದಲ್ಲಿ ಇನ್ನೊಂದು ತೊಡಕಿದೆ: ಅನೇಕ ಡಿಟಿಪಿ ಅಂಗಡಿಗಳು ಇಂದಿಗೂ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಮಾನವಾದ ಅಕ್ಷರ ಸಂಕೇತ) ಅಲ್ಲದ ಅಕ್ಷರಗಳನ್ನೇ ಬಳಸುತ್ತವೆ, ಅವರ ಹಳೆಯ ತಂತ್ರಾಂಶದಲ್ಲಿ ಯೂನಿಕೋಡ್ ಪಠ್ಯವನ್ನು ತೆರೆದರೆ ಒತ್ತುಗಳು ಚದುರಿ ಬೀಳುತ್ತವೆ. ಆದ್ದರಿಂದ ಫಾಂಟ್ ಒಳಗೊಂಡ ಪಿಡಿಎಫ್ ಮಾಡಿ ಕೊಡಬೇಕು. ಸಾಧ್ಯವಿದ್ದರೆ ಅಕ್ಷರಗಳನ್ನು ರೇಖಾಚಿತ್ರವಾಗಿ ಪರಿವರ್ತಿಸಿಯೇ ಕೊಡಬೇಕು.

ಕೊನೆಗೆ, ಆರಿಸಿದ ಕಾಗದದ ಮೇಲೆಯೇ ಒಂದು ಪ್ರೂಫ್, ಎಂದರೆ ತಪ್ಪು ನೋಡಲು ಮಾದರಿ ಪ್ರತಿ, ತೆಗೆದು, ನೂರಕ್ಕೆ ಹತ್ತು ಹಾಳೆಯಂತೆ ಹೆಚ್ಚುವರಿ ತರಿಸಿಟ್ಟುಕೊಳ್ಳಬೇಕು. ಆ ಪ್ರೂಫನ್ನು ಎರಡೂ ಮನೆಯ ಹಿರಿಯರು ಹೆಸರು, ತಿಥಿ, ವಾರ, ಮುಹೂರ್ತದ ಗಂಟೆ, ಕಲ್ಯಾಣ ಮಂಟಪದ ವಿಳಾಸ ನೋಡಿ ಒಪ್ಪಬೇಕು. ಪ್ಲೇಟ್ ಮಾಡಿಸುವುದಾಗಲಿ, ಜಾಲರಿಗೆ ಎಮಲ್ಷನ್ ಬಳಿಯುವುದಾಗಲಿ ಅದರ ನಂತರದ ಮಾತು.