ಕಾಫಿಪುಡಿಗೆ ಕೊಟ್ಟ ದುಡ್ಡು ತೋಟ ತಲುಪುವಂತೆ ಮಾಡುವುದು ಹೇಗೆ?

ಪೊಟ್ಟಣಕ್ಕೆ ನೂರು ರೂಪಾಯಿ ಹೆಚ್ಚು ಕೊಟ್ಟರೆ ಬೆಳೆಗಾರನಿಗೆ ನೆರವಾದಂತೆ ಎಂದು ನಂಬಿದವರು ಅನೇಕರಿದ್ದಾರೆ. ಆ ನೂರರಲ್ಲಿ ಒಂದು ರೂಪಾಯಿಯೂ ತೋಟದ ಗೇಟು ದಾಟದೆ ಹೋಗಬಹುದು. ಬಣ್ಣದ ಡಬ್ಬಿ, ಜಾಹೀರಾತು, ಅಂಗಡಿಯ ಬಾಡಿಗೆ ಎಲ್ಲವೂ ಅದರಲ್ಲಿ ಪಾಲು ಕೇಳುತ್ತವೆ. ಬೆಳೆಗಾರನ ಕೈಗೆ ಎಷ್ಟು ಸೇರುತ್ತದೆ ಎಂಬುದು ನಮ್ಮ ಬಿಲ್ಲಿನಿಂದ ತೀರ್ಮಾನವಾಗುವುದಿಲ್ಲ. ಕಣದಲ್ಲಿ ಚೀಲ ತೂಗಿದ ದಿನ ಯಾರು, ಯಾವ ಷರತ್ತಿನ ಮೇಲೆ ಬೆಲೆ ಕಟ್ಟಿದರು ಎಂಬುದರಿಂದ ಆಗುತ್ತದೆ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರಲ್ಲಿ ಬಹುಪಾಲು ಜನ ಸಣ್ಣ ಹಿಡುವಳಿದಾರರು. ಹಾಗಾಗಿ ಈ ವಿಚಾರಣೆ ನಮ್ಮ ಊರಿನ ಪುಡಿ ಅಂಗಡಿಯಿಂದಲೇ ಶುರುವಾಗಬೇಕು.

ಹಂತ 1: ಪೊಟ್ಟಣದ ಹಿಂಭಾಗ ಓದಿ

ಕಾಫಿ ಎಷ್ಟು, ಚಿಕೋರಿ ಎಷ್ಟು ಎಂಬುದನ್ನು ಪೊಟ್ಟಣದ ಮೇಲೆ ನಮೂದಿಸಬೇಕೆಂಬ ನಿಯಮವಿದೆ. ಮಿಶ್ರಣದಲ್ಲಿ ಚಿಕೋರಿ ಶೇ 49ನ್ನು ಮೀರುವಂತಿಲ್ಲ. ಅರ್ಧ ಕಿಲೋ ಪೊಟ್ಟಣದ ಮೇಲೆ 53:47 ಎಂದಿದ್ದರೆ ಅದರಲ್ಲಿ ಕಾಫಿ ಇರುವುದು 265 ಗ್ರಾಂ ಮಾತ್ರ. ಚಿಕೋರಿ ಬೆರೆತ ಫಿಲ್ಟರ್ ಕಾಫಿಯ ರುಚಿ ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಬಂದದ್ದು, ಅದನ್ನು ಬಿಡಬೇಕಾಗಿಲ್ಲ. ಆದರೆ 80:20 ಮಿಶ್ರಣಕ್ಕೆ ಹೊರಳಿದ ಮನೆಯವರು ಅದೇ ಅರ್ಧ ಕಿಲೋದಲ್ಲಿ 400 ಗ್ರಾಂ ಕಾಫಿ ಕೊಂಡಂತಾಗುತ್ತದೆ. ಬೆಳೆಗಾರರಿಗೆ ಗ್ರಾಹಕರು ಮಾಡಬಹುದಾದ ಅತಿ ಸುಲಭದ ಸಹಾಯ ಇದು.

ಹಂತ 2: ತೋಟದ ಬೆಲೆಯನ್ನು ನೀವೇ ಲೆಕ್ಕ ಹಾಕಿ

ಕಾಫಿ ಮಂಡಳಿ ಕಚ್ಚಾ ಕಾಫಿಯ ಬೆಲೆಯನ್ನು ಪ್ರಕಟಿಸುತ್ತಿರುತ್ತದೆ. ಬೆಲೆ ಹೇಳುವುದು 50 ಕಿಲೋ ಚೀಲಕ್ಕೆ. ನಮ್ಮಲ್ಲಿ ಬೆಳೆಯುವ ಕಾಫಿಯ ಮುಖ್ಯ ಬಗೆಗಳು ಎರಡು, ಅರೇಬಿಕಾ ಮತ್ತು ರೋಬಸ್ಟಾ. ಅರೇಬಿಕಾ ಪಾರ್ಚ್‌ಮೆಂಟ್ ಎಂದರೆ ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ, ಒಳಹೊಟ್ಟು ಇನ್ನೂ ಅಂಟಿರುವ ಬೀಜ. ಅಂಥ ಒಂದು ಚೀಲದಿಂದ ಸುಮಾರು 40 ಕಿಲೋ ಶುದ್ಧ ಬೀಜ, ಹುರಿದ ಮೇಲೆ ಸುಮಾರು 33 ಕಿಲೋ ಪುಡಿ ಸಿಗುತ್ತದೆ. ಹಣ್ಣನ್ನು ಹಾಗೆಯೇ ಒಣಗಿಸಿದ ರೋಬಸ್ಟಾ ಚೆರಿಯಾದರೆ ಚೀಲಕ್ಕೆ ಸುಮಾರು 22 ಕಿಲೋ ಪುಡಿ. ಚೀಲದ ಬೆಲೆಯನ್ನು 33ರಿಂದಲೋ 22ರಿಂದಲೋ ಭಾಗಿಸಿದರೆ, ಒಂದು ಕಿಲೋ ಪುಡಿಯಲ್ಲಿ ತೋಟದ ಬಾಬ್ತು ಎಷ್ಟೆಂದು ಗೊತ್ತಾಗುತ್ತದೆ. ಪಾರ್ಚ್‌ಮೆಂಟ್ ಚೀಲಕ್ಕೆ 20,000 ರೂಪಾಯಿ ಎಂದಿಟ್ಟುಕೊಳ್ಳಿ, ಕಿಲೋ ಶುದ್ಧ ಪುಡಿಯಲ್ಲಿ ಬೆಳೆಗಾರನ ಮಾಲು 600 ರೂಪಾಯಿಯಷ್ಟಾಯಿತು. ಅಂಗಡಿಯ ದರಕ್ಕೂ ಈ ಅಂಕಿಗೂ ಇರುವ ಅಂತರವೆಲ್ಲ ಲಾಭವಲ್ಲ. ಸಾಗಣೆ, ಕ್ಯೂರಿಂಗ್ (ಹೊಟ್ಟು ಬಿಡಿಸಿ ಬೀಜ ವಿಂಗಡಿಸುವುದು), ಹುರಿಯುವ ಖರ್ಚು, ತೆರಿಗೆ ಅದರಲ್ಲಿವೆ. ಆದರೆ ಒಂದೇ ಬಗೆಯ ಎರಡು ಪುಡಿಗಳ ದರದಲ್ಲಿ ದುಪ್ಪಟ್ಟು ವ್ಯತ್ಯಾಸ ಕಂಡರೆ ಕಾರಣ ಕೇಳುವ ಧೈರ್ಯ ಈ ಲೆಕ್ಕದಿಂದ ಬರುತ್ತದೆ.

ಹಂತ 3: ಮುದ್ರೆ ಯಾವುದಕ್ಕೆ ಸಾಕ್ಷಿ ಎಂದು ತಿಳಿಯಿರಿ

ಪೊಟ್ಟಣದ ಮೇಲಿನ ಮುದ್ರೆಗಳೆಲ್ಲ ಒಂದೇ ಮಾತು ಹೇಳುವುದಿಲ್ಲ. ಸಾವಯವ ಮುದ್ರೆ ಬೆಳೆದ ವಿಧಾನಕ್ಕೆ ಸಾಕ್ಷಿಯೇ ಹೊರತು ಬೆಲೆಗಲ್ಲ. ಕಪ್ಪೆಯ ಚಿತ್ರವಿರುವ ರೇನ್‌ಫಾರೆಸ್ಟ್ ಅಲಯನ್ಸ್ ಮುದ್ರೆ ಪರಿಸರ ಮತ್ತು ಕಾರ್ಮಿಕರ ಸ್ಥಿತಿಗತಿಯನ್ನು ನೋಡುತ್ತದೆ, ಕನಿಷ್ಠ ಬೆಲೆಯ ಭರವಸೆ ಕೊಡುವುದಿಲ್ಲ. ಅದನ್ನು ಕೊಡುವುದು ಫೇರ್‌ಟ್ರೇಡ್ ಮುದ್ರೆ. ಇದರ ಮೂಲ ಮೆಕ್ಸಿಕೋದ ಸಣ್ಣ ಬೆಳೆಗಾರರ ಕಾಫಿಗೆ 1988ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಕೊಟ್ಟ ಮುದ್ರೆ. ಮರುವರ್ಷವೇ, ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬಹುದೆಂದು ಮಿತಿ ಹಾಕಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಮುರಿದುಬಿದ್ದು ಬೆಲೆ ನೆಲಕಚ್ಚಿತು. ಕನಿಷ್ಠ ಬೆಲೆಯ ಬೇಡಿಕೆ ಎಷ್ಟು ನ್ಯಾಯದ್ದೆಂದು ಆಗ ಎಲ್ಲರಿಗೂ ಅರಿವಾಯಿತು.

2023ರಲ್ಲಿ ಈ ವ್ಯವಸ್ಥೆ ತೊಳೆದ ಅರೇಬಿಕಾದ ಕನಿಷ್ಠ ಬೆಲೆಯನ್ನು ಪೌಂಡಿಗೆ (ಸುಮಾರು 454 ಗ್ರಾಂ) 1.40 ಡಾಲರ್‌ನಿಂದ 1.80ಕ್ಕೆ ಏರಿಸಿತು. ಅದರ ಮೇಲೆ ಪೌಂಡಿಗೆ 20 ಸೆಂಟ್ ಹೆಚ್ಚುವರಿ ಹಣ ಬೆಳೆಗಾರರ ಸಂಘಕ್ಕೆ ಹೋಗುತ್ತದೆ. ಕಣ, ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ), ಶಾಲೆ, ರಸ್ತೆ, ಯಾವುದಕ್ಕೆ ಖರ್ಚು ಮಾಡಬೇಕೆಂದು ಸದಸ್ಯರೇ ಸಭೆ ಸೇರಿ ನಿರ್ಧರಿಸುತ್ತಾರೆ. ಆದರೆ 20 ಸೆಂಟಿನಲ್ಲಿ ಕನಿಷ್ಠ 5 ಸೆಂಟ್ ಇಳುವರಿ ಮತ್ತು ಗುಣಮಟ್ಟಕ್ಕೆಂದು ಮೀಸಲು. ಮಾರುಕಟ್ಟೆ ಬೆಲೆ ಹೆಚ್ಚಿದ್ದರೆ ಆ ಬೆಲೆಯನ್ನೇ ಕೊಡಬೇಕು. 2025ರ ಆರಂಭದಲ್ಲಿ ಅರೇಬಿಕಾ ನಾಲ್ಕು ಡಾಲರ್ ದಾಟಿದಾಗ ಕನಿಷ್ಠ ಬೆಲೆಗೆ ಕೆಲಸವೇ ಇರಲಿಲ್ಲ. 2019ರಲ್ಲಿ ಒಂದು ಡಾಲರ್‌ಗಿಂತ ಕೆಳಗಿಳಿದಾಗ ಮಾತ್ರ ಅದೇ ಜೀವ ಉಳಿಸುವ ಬೆಲೆಯಾಗಿತ್ತು.

ಕಾಫಿಯಲ್ಲಿ ಈ ಮುದ್ರೆ ಸಿಗುವುದು ಸಣ್ಣ ಬೆಳೆಗಾರರ ಸಂಘಗಳಿಗೆ. ಒಬ್ಬೊಬ್ಬರೇ ವ್ಯಾಪಾರಿಗೆ ಮಾರುವ ಬೆಳೆಗಾರರಿಗೆ ಇದು ಎಟಕುವುದಿಲ್ಲ. ಆದ್ದರಿಂದ ಮುದ್ರೆ ಇಲ್ಲದ ಪುಡಿಯೆಲ್ಲ ಅನ್ಯಾಯದ್ದೆಂದು ತಿಳಿಯಬೇಡಿ. ಅಂಥ ಕಡೆ ಮುಂದಿನ ಹಂತವೇ ದಾರಿ.

ಹಂತ 4: ಅಂಗಡಿಯವರನ್ನು ಕೇಳಿ

‘ಬೀಜ ಎಲ್ಲಿಂದ ತರಿಸುತ್ತೀರಿ?’ ಎಂದು ಕೇಳಿದರೆ ‘ಚಿಕ್ಕಮಗಳೂರು’ ಎಂಬ ಉತ್ತರ ಬರುತ್ತದೆ. ಅಲ್ಲಿಗೇ ನಿಲ್ಲಿಸಬೇಡಿ. ಯಾವ ತೋಟ ಅಥವಾ ಯಾವ ಸಂಘ, ಎಷ್ಟು ವರ್ಷಗಳಿಂದ ಅವರಿಂದಲೇ ಕೊಳ್ಳುತ್ತಿದ್ದೀರಿ, ಹಣ ಯಾವಾಗ ಸಂದಾಯ ಮಾಡುತ್ತೀರಿ ಎಂದು ಕೇಳಿ. ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಪ್ರಾಮಾಣಿಕವಾಗಿ ಕೊಳ್ಳುವವರು ಖುಷಿಯಿಂದ ಉತ್ತರಿಸುತ್ತಾರೆ. ಹಣ್ಣು ಕುಯ್ಯುವವರ ಕೂಲಿಯ ಬಗ್ಗೆಯೂ ಒಂದು ಮಾತು ಕೇಳಬೇಕು. ಅರೇಬಿಕಾದಲ್ಲಿ ಹಣ್ಣಾದದ್ದನ್ನಷ್ಟೇ ಆರಿಸಿ ಹಲವು ಸುತ್ತು ಕುಯ್ಯಬೇಕು. ಅಸ್ಸಾಮಿನಿಂದಲೂ ಬಂದು ಈ ಕೆಲಸ ಮಾಡುವವರಿದ್ದಾರೆ, ಬೆಳೆಗಾರರ ಸಂಘಗಳ ಲೆಕ್ಕಪುಸ್ತಕದಲ್ಲಿ ಅವರ ಹೆಸರು ಇರುವುದಿಲ್ಲ.

ಹಂತ 5: ನೀವೇ ಕೆಫೆ ಅಥವಾ ಪುಡಿ ವ್ಯಾಪಾರ ನಡೆಸುವವರಾದರೆ

ಮೊದಲು ತೂಕ ಮತ್ತು ಔಟ್‌ಟರ್ನ್ ಸರಿಯಾಗಲಿ. ರೋಬಸ್ಟಾ ಚೆರಿ ಮಾರಲು ಬಂದ ಬೆಳೆಗಾರನ ಚೀಲದಿಂದ ವ್ಯಾಪಾರಿ ಒಂದಿಷ್ಟು ಮಾದರಿ ತೆಗೆಯುತ್ತಾನೆ, ಸಿಪ್ಪೆ ಸುಲಿದು ಬೀಜ ತೂಗುತ್ತಾನೆ, ತೇವಾಂಶ ಅಳೆಯುತ್ತಾನೆ. 50 ಕಿಲೋ ಚೀಲದಲ್ಲಿ ಶುದ್ಧ ಬೀಜ 26 ಕಿಲೋ ಬಂದರೆ ಔಟ್‌ಟರ್ನ್ 26. ಅದನ್ನು ಆ ದಿನದ ಪಾಯಿಂಟ್ ದರದಿಂದ, ಅಂದರೆ ಈ ಅಂಕಿಯ ಒಂದೊಂದಕ್ಕೆ ಕಟ್ಟಿದ ದರದಿಂದ, ಗುಣಿಸಿದ್ದೇ ಚೀಲದ ಬೆಲೆ. ಪಾಯಿಂಟಿಗೆ 300 ರೂಪಾಯಿ ಇದ್ದಾಗ 28ರ ಮಾಲನ್ನು 26 ಎಂದು ಬರೆದರೆ ಚೀಲಕ್ಕೆ 600 ರೂಪಾಯಿ ಹೋಯಿತು, 40 ಚೀಲಕ್ಕೆ 24,000. ಸಣ್ಣ ಬೆಳೆಗಾರನಿಗೆ ಅದು ಒಂದು ಸುತ್ತು ಗೊಬ್ಬರದ ಹಣ. ಮಾದರಿಯನ್ನು ಬೆಳೆಗಾರನ ಕಣ್ಣೆದುರೇ ಸುಲಿದು ತೂಗಿ, ಅಂಕಿಯನ್ನು ಚೀಟಿಯಲ್ಲಿ ಬರೆದುಕೊಡಿ. ಇದಕ್ಕೆ ಯಾವ ಪ್ರಮಾಣಪತ್ರವೂ ಬೇಕಾಗಿಲ್ಲ.

ಎರಡನೆಯದು ಮುಂಗಡ. ಗೊಬ್ಬರ, ಕಪಾತು, ಕುಯ್ಲಿನ ಕೂಲಿ ಇವೆಲ್ಲಕ್ಕೂ ಹಣ ಬೇಕಾಗುವುದು ಮಾಲು ಮಾರುವ ಮೊದಲು. ಆಗ ಸಾಲ ಕೊಟ್ಟ ವ್ಯಾಪಾರಿಗೇ ಅವನು ಹೇಳಿದ ದರಕ್ಕೆ ಬೆಳೆ ಒಪ್ಪಿಸುವ ಸ್ಥಿತಿ ಬರುತ್ತದೆ. ಫೇರ್‌ಟ್ರೇಡ್ ನಿಯಮದಲ್ಲಿ ಸಂಘ ಕೇಳಿದರೆ ಕೊಳ್ಳುವವರು ಒಪ್ಪಂದದ ಮೊತ್ತದ ಶೇ 60ರವರೆಗೆ ಮುಂಗಡ ಕೊಡಬೇಕೆಂದಿರುವುದು ಇದೇ ಕಾರಣಕ್ಕೆ. ಅಷ್ಟು ಸಾಧ್ಯವಾಗದಿದ್ದರೆ ಕುಯ್ಲಿನ ಖರ್ಚಿನಷ್ಟಾದರೂ ಕೊಡಿ, ಬಡ್ಡಿ ಹಾಕಬೇಡಿ.

ಮೂರನೆಯದು, ಒಂದಕ್ಕಿಂತ ಹೆಚ್ಚು ವರ್ಷದ ಒಪ್ಪಂದ. ಮುಂದಿನ ವರ್ಷವೂ ಕೊಳ್ಳುತ್ತಾರೆಂಬ ಖಾತ್ರಿ ಇದ್ದರೆ ಮಾತ್ರ ಬೆಳೆಗಾರ ಹೊಸ ಪಲ್ಪರ್‌ಗೋ ಸಿಮೆಂಟ್ ಕಣಕ್ಕೋ ಹಣ ಹಾಕಬಲ್ಲ. ಬೆಲೆಯನ್ನು ಪೂರ್ತಿ ಕಟ್ಟಿಹಾಕಬೇಡಿ. ಮಾರುಕಟ್ಟೆ ಏರಿದಾಗ ಅವನಿಗೂ ಏರಿಕೆ ಸಿಗುವಂತೆ, ಇಳಿದಾಗ ಇಷ್ಟಕ್ಕಿಂತ ಕೆಳಗೆ ಹೋಗದಂತೆ ಬರೆದುಕೊಳ್ಳಿ.

ಹಂತ 6: ಒಪ್ಪಿದ ಕಡೆಯೇ ಕೊಳ್ಳುತ್ತಿರಿ

ತಿಂಗಳಿಗೊಂದು ಬ್ರ್ಯಾಂಡ್ ಬದಲಿಸುವ ಗ್ರಾಹಕರನ್ನು ನೆಚ್ಚಿಕೊಂಡು ಯಾವ ಅಂಗಡಿಯೂ ಬೆಳೆಗಾರನಿಗೆ ವರ್ಷಗಟ್ಟಲೆ ಮಾತು ಕೊಡಲಾರದು. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟವರಲ್ಲಿ ತಿಂಗಳ ಪುಡಿಯನ್ನು ಖಾಯಂ ಮಾಡಿಕೊಳ್ಳಿ. ರೋಬಸ್ಟಾ ಕುಯ್ಲು ಮಾರ್ಚ್ ಹೊತ್ತಿಗೆ ಮುಗಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಅಂಗಡಿಗೆ ಹೋದಾಗ ಈ ಸಲದ ಬೆಳೆಯನ್ನು ಯಾರಿಂದ ಕೊಂಡಿರಿ, ಹೋದ ವರ್ಷದವರಿಂದಲೇ ತಾನೇ ಎಂದು ಮತ್ತೊಮ್ಮೆ ಕೇಳಿ.